ಮಗಳ ಬ್ಲಾಗಿನ ಬಾಗಿಲು ಕಾಯ್ದದ್ದು

ಆಗ ನನಗೆ ಅರವತ್ತೆರಡು. ಹದಿನಾರು ವರ್ಷದ ಹಿಂದಿನ ಮಾತು. ಗೋಕಾಕಿನ ನಮ್ಮ ಮನೆಯ ಪಡಸಾಲೆಯಲ್ಲಿ ಮಗಳ ಕಂಪ್ಯೂಟರಿನ ಮುಂದೆ ಕೂತು, ಅವಳ ಬ್ಲಾಗಿಗೆ ಜನ ಬರೆದು ಕಳಿಸಿದ್ದರಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗೆ ಹಾಕಬೇಕು ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಲಿತದ್ದು ಮಸಗುಪ್ಪಿಯ ಸಾಲೆಯಲ್ಲಿ ಮೂರನೆಯ ಇಯತ್ತೆ. ಇದನ್ನೂ ನಾನೇ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ, ಮಾತು ತಿದ್ದುವುದು ಬೇಡ.

ಮೊದಲು ಸಂಬಂಧ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಅದಲು ಬದಲಿ ಲಗ್ನ. ಮಗಳನ್ನು ಹುಕ್ಕೇರಿಗೆ ಕೊಟ್ಟೆವು, ಅಳಿಯನ ತಂಗಿಯನ್ನು ಮಗನಿಗೆ ತಂದುಕೊಂಡೆವು. ಒಂದೇ ಹಂದರದಲ್ಲಿ ಎರಡು ಜೋಡಿಗೆ ಅಕ್ಕಿಕಾಳು ಬಿದ್ದವು. ಎಂಥ ಛಂದ ಜೋಡಣೆ ಎಂದು ಬಳಗದವರೆಲ್ಲ ಹೊಗಳಿ ಉಂಡು ಹೋದರು. ಇಂಥ ಲಗ್ನದಲ್ಲಿ ಒಂದು ಮನೆಯ ಹೆಣ್ಣು ಇನ್ನೊಂದು ಮನೆಗೆ ಒತ್ತೆ ಇದ್ದ ಹಾಗೆ. ಆ ಕಡೆ ಯಾರಾದರೂ ಮುಖ ಗಂಟಿಕ್ಕಿದರೆ ಈ ಕಡೆ ಒಲೆಯ ಮುಂದೆ ಕೂತವಳ ರೊಟ್ಟಿ ಸೀಯುತ್ತದೆ.

ಅಳಿಯ ಹುಕ್ಕೇರಿಯಲ್ಲಿ ಕಾಲೇಜಿನ ಮಾಸ್ತರ. ಭಾಷಣ ಚೆನ್ನಾಗಿ ಮಾಡುತ್ತಾನೆ, ನಾಲ್ಕು ಊರಿನವರು ಕರೆಯುತ್ತಾರೆ. ಲಗ್ನವಾಗಿ ನಾಲ್ಕನೆಯ ವರ್ಷಕ್ಕೆ ಮಗಳಿಗೆ ಎದೆಯ ಬೇನೆಯ ಜಡ್ಡು ಶುರುವಾಯಿತು. ಹತ್ತು ಹೆಜ್ಜೆ ನಡೆದರೆ ಉಸಿರು ಹಿಡಿಯುತ್ತಿತ್ತು. ಬೆಳಗಾವಿಯ ಡಾಕ್ಟರು ಮಕ್ಕಳು ಬೇಡ, ಭಾರ ಎತ್ತುವುದು ಬೇಡ ಎಂದರು. ಆ ವಾರವೇ ಅಳಿಯ ಅವಳನ್ನು ಕರೆತಂದು ನಮ್ಮ ಮನೆಯಲ್ಲಿ ಬಿಟ್ಟ.

"ಒಂದೆಲ್ಡ ತಿಂಗಳ ತವರಮನ್ಯಾಗ ಆರಾಮ ತೊಗೊಳ್ಳಲ್ರಿ ಅತ್ತಿ. ಕರ್ಕೊಂಡ ಹೋಗಾಕ ನಾನ ಬರ್ತೇನಿ" ಎಂದ.

ನಮ್ಮಲ್ಲಿ ತವರಿಗೆ ಕಳಿಸಿದ ಹೆಣ್ಣು ತಾನಾಗಿ ಗಂಟು ಕಟ್ಟಿಕೊಂಡು ತಿರುಗಿ ಹೋಗುವುದಿಲ್ಲ. ಗಂಡನ ಮನೆಯವರು ಕರೆಯಲು ಬರಬೇಕು. ಅವನು ಬರಲಿಲ್ಲ. ಜಗಳವಿಲ್ಲ, ಕೋರ್ಟಿಲ್ಲ, ಒಂದು ಬಿರುಸು ಮಾತಿಲ್ಲ. ಫೋನು ಮಾಡಿದರೆ "ಪರೀಕ್ಷಾ ಮುಗೀಲ್ರಿ" ಅನ್ನುವನು, ಪರೀಕ್ಷೆ ಮುಗಿದರೆ "ಶ್ರಾವಣ ಮುಗೀಲ್ರಿ" ಅನ್ನುವನು. ಹೀಗೆ ಏಳು ವರ್ಷ. ಹೊಡೆದು ಅಟ್ಟಿದ್ದರೆ ನಾಲ್ಕು ಹಿರಿಯರನ್ನು ಕೂಡಿಸಿ ಕೇಳಬಹುದಿತ್ತು. ನಯವಾಗಿ ಮಾತಾಡುವವನನ್ನು ಏನೆಂದು ಕೇಳುವುದು?

ಸೊಸೆ ಮಾತ್ರ ಪ್ರತಿ ನಾಗರ ಪಂಚಮಿಗೆ ತನ್ನ ತವರು ಹುಕ್ಕೇರಿಗೆ ಹೋಗಿ ಬರುತ್ತಿದ್ದಳು. ಬರುವಾಗ ಆ ಮನೆಯ ಉಂಡಿ ತರುತ್ತಿದ್ದಳು. ಮಗಳು ಒಂದು ಉಂಡಿ ಬಾಯಿಗೆ ಹಾಕಿಕೊಂಡು, "ಈ ಸಲ ಬೆಲ್ಲದ ಪಾಕ ಏರೇತಿ" ಎನ್ನುವಳು. ಅಷ್ಟೇ. ಆ ಮನೆಯ ಬಗ್ಗೆ ಅವಳು ಬಾಯಿ ಬಿಟ್ಟು ಆಡಿದ್ದು ಅಷ್ಟೇ.

ಮನೆಯಲ್ಲಿ ಸುಮ್ಮನೆ ಕೂತವಳು ಕಂಪ್ಯೂಟರು ಹಿಡಿದಳು. ಮಗ ಮೂಡಲಗಿಯ ಒಂದು ಆಫೀಸಿನಲ್ಲಿ ಕಾರಕೂನ. ಅಕ್ಕನಿಗೆ ಹೊತ್ತು ಹೋಗಲಿ ಎಂದು ಅವನೇ ತಂದು, ಫೋನಿನ ವಾಯರಿಗೆ ಜೋಡಿಸಿಕೊಟ್ಟ. ಅವಳು ಬ್ಲಾಗು ಶುರುಮಾಡಿದಳು. ಬಾಜೂ ಮನೆಯ ಮುದುಕಿಯ ಎಮ್ಮೆ, ಮಿಲ್ಲಿನ ಭೋಂಗಾ ಕೂಗಿದ ಕೂಡಲೇ ಓಣಿಯ ಹೆಂಗಸರು ಒಲೆ ಹಚ್ಚುವುದು, ದವಾಖಾನೆಯ ಪಾಳಿಯಲ್ಲಿ ಕೂತವರ ಮಾತು, ಇಂಥವನ್ನೇ ಬರೆಯುತ್ತಿದ್ದಳು. ಎಲ್ಲೆಲ್ಲಿಯ ಜನವೋ ಓದಿ ಅದರ ಕೆಳಗೆ ತಮ್ಮ ಮಾತು ಬರೆಯುತ್ತಿದ್ದರು. ಅದಕ್ಕೆ ಕಮೆಂಟು ಅನ್ನುತ್ತಾರೆ. ಅದು ನೇರವಾಗಿ ಒಳಗೆ ಹೋಗುವುದಿಲ್ಲ. ಬಾಗಿಲ ಹೊರಗೆ ಕಾಯುತ್ತ ನಿಲ್ಲುತ್ತದೆ. ಬ್ಲಾಗಿನವರು ನೋಡಿ ಬಿಟ್ಟರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಕೊನೆಯ ವರ್ಷ ಅವಳಿಗೆ ಕುರ್ಚಿಯಲ್ಲಿ ಕೂರಲು ಆಗದಾಯಿತು. ಹಾಸಿಗೆಯ ಮೇಲೆ ದಿಂಬಿಗೆ ಒರಗಿ, "ಯವ್ವಾ, ನೀ ಓದು, ನಾ ಹೇಳ್ತೇನಿ" ಎಂದಳು. ಎಡಗಡೆಯ ಗುಂಡಿ ಒತ್ತಿದರೆ ಒಳಗೆ, ಬಲಗಡೆಯದು ಒತ್ತಿದರೆ ಹೊರಗೆ. ಅಷ್ಟು ಕಲಿಸಿದಳು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಅವಳಿಗೆ ಬೇಸರವಾಗುತ್ತಿರಲಿಲ್ಲ. ಅವಳಿಗೆ ಇನ್ನೇನು ಅವಸರ?

ಆ ಜನರಲ್ಲಿ ಅನಾಮಧೇಯ ಎನ್ನುವವನೊಬ್ಬ ದಿನಾ ಬರುತ್ತಿದ್ದ. ಒಮ್ಮೆ ಹೊಗಳುವನು, ಒಮ್ಮೆ ಬೈಯುವನು, ಒಮ್ಮೆ ಫೋನ್ ನಂಬರು ಕೇಳುವನು.

"ಈ ಅನಾಮಧೇಯಗ ಹೇಣ್ತಿ ಮಕ್ಕಳ ಅದಾರೋ ಇಲ್ಲೋ? ಮೂರ ಹೊತ್ತೂ ಇಲ್ಲೇ ಬಿದ್ದಿರ್ತಾನ" ಎಂದೆ.

ಮಗಳು ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಸಬೇಕಾಯಿತು. "ಅದ ಒಬ್ಬಾಂವ ಅಲ್ಲ ಯವ್ವಾ. ಹೆಸರ ಹೇಳಾಕ ಧೈರ್ಯ ಇಲ್ಲದವರಿಗೆಲ್ಲಾ ಅದ ಹೆಸರು."

"ಹಂಗಾದ್ರ ಎಲ್ಲಾರ್ನೂ ಹೊರಗ ಹಾಕಲೇನ?"

"ಬೈದವ್ರನ್ನ ಒಳಗ ಬಿಡು. ಫೋನ್ ಕೇಳಿದವ್ರನ್ನ ಹೊರಗ ಹಾಕು."

"ಬೈದವ್ರನ್ನ ಯಾಕ ಬಿಡೂದು?"

"ಬೈಯವ್ರು ಓದಿರ್ತಾರ ಯವ್ವಾ."

ಒಂದು ದಿನ ಅವಳು ಬ್ಲಾಗಿನ ತಲೆಯ ಮೇಲೆ ಮೂರು ಸಾಲು ಹಾಕಿದಳು. ಇನ್ನು ಮೇಲೆ ನಿಮ್ಮ ಮಾತುಗಳನ್ನು ನನ್ನ ಅವ್ವ ಓದಿ ಒಳಗೆ ಬಿಡುತ್ತಾಳೆ, ಅವಳು ಬಿಟ್ಟಿದ್ದನ್ನು ನಾನು ತೆಗೆಯುವುದಿಲ್ಲ, ಸರಳವಾಗಿ ಬರೆಯಿರಿ ಎಂದು. ಅಲ್ಲಿಂದ ಜನ ನನಗೇ ಬರೆಯಲು ಹತ್ತಿದರು. ಅವ್ವನಿಗೆ ನಮಸ್ಕಾರ, ಅವ್ವ ನಮ್ಮನ್ನು ಒಳಗೆ ಬಿಟ್ಟರಲ್ಲ ನಾವೇ ಧನ್ಯರು ಎಂದು. ನಾನು ಯಾರ ಅವ್ವನೂ ಅಲ್ಲ, ಇವಳೊಬ್ಬಳ ಅವ್ವ, ಆ ಮೂಡಲಗಿಗೆ ಹೋಗಿ ಬರುವವನೊಬ್ಬನ ಅವ್ವ. ಆದರೆ ಆ ಮೂರು ಸಾಲಿನಿಂದ ಒಂದು ಮಾತು ಗಟ್ಟಿಯಾಯಿತು. ಆ ಬ್ಲಾಗಿನಲ್ಲಿ ಏನು ಕಂಡರೂ ಅವ್ವ ಹೂಂ ಅಂದಿದ್ದಾಳೆ ಎಂದೇ ಓದಿದವರು ತಿಳಿಯುತ್ತಿದ್ದರು.

ಮಾಗಿಯ ಚಳಿಯಲ್ಲಿ ಅವಳು ಸತ್ತಳು. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದೆವು, ಹಣೆಗೆ ವಿಭೂತಿ ಹಚ್ಚಿದೆವು. ಗಂಡ ಬರಲಿ ಎಂದು ಕಾದೆವು. ಸೊಸೆ ಅಣ್ಣನಿಗೆ ಮೇಲಿಂದ ಮೇಲೆ ಫೋನು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಬಂದು ನನ್ನ ಕಿವಿಯಲ್ಲಿ, "ಕಾಲೇಜಿಗೆ ಯಾರೋ ತಪಾಸಣಿಗೆ ಬಂದಾರಂತ್ರಿ ಅತ್ತಿ, ಬಿಡವಲ್ರಂತ" ಎಂದಳು. ಹುಕ್ಕೇರಿಯಿಂದ ಗೋಕಾಕಿಗೆ ದಾರಿ ಎಷ್ಟು ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಾವೇ ಒಯ್ದು ಮಣ್ಣು ಕೊಟ್ಟೆವು. ಗಂಡ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ತಮ್ಮ ಹಾಕಿದ. ನಾನು ಅಳಲಿಲ್ಲ. ಏಳು ವರ್ಷ ಅವಳ ಎದುರಿಗೆ ಅಳು ಹಿಡಿದು ಹಿಡಿದು ನನಗೆ ಅದು ಮರೆತೇ ಹೋಗಿತ್ತು.

ಮಗ ಬ್ಲಾಗಿನಲ್ಲಿ ಅಕ್ಕ ತೀರಿದ ಸುದ್ದಿಯನ್ನು ಎರಡು ಸಾಲಿನಲ್ಲಿ ಹಾಕಿದ. ಜನ ಬರತೊಡಗಿದರು. ಇತ್ತ ಮನೆಗೆ ಮಾತಾಡಿಸಲು ಬರುವವರು, ಅತ್ತ ಕಂಪ್ಯೂಟರಿಗೆ ಬರುವವರು. ಸಾವಾದ ಮನೆಗೆ ಬಂದವರಿಗೆ ಒಂದು ರೀತಿ ಇದೆ. ಬರಬೇಕು, ಕೂರಬೇಕು, ಒಂದು ಮಾತಾಡಬೇಕು ಇಲ್ಲವೆ ಸುಮ್ಮನಿರಬೇಕು. ಹೋಗುವಾಗ ಬರ್ತೇನಿ ಎನ್ನಬಾರದು, ಎದ್ದು ಹೋಗಬೇಕು. ನಾನು ಅದೇ ರೀತಿಯನ್ನು ಕಂಪ್ಯೂಟರಿಗೂ ಹಿಡಿದೆ. ಅಕ್ಕನ ಬರಹ ಓದಿ ನಮ್ಮ ತಾಯಿ ನೆನಪಾದಳು ಎಂದು ಒಬ್ಬಳು ಬರೆದಿದ್ದಳು, ಒಳಗೆ ಬಿಟ್ಟೆ. ನಿಮ್ಮನ್ನು ಎಷ್ಟೋ ಸಲ ಬೈದಿದ್ದೆ, ತಪ್ಪಾಯಿತು ಎಂದು ಒಬ್ಬ ಅನಾಮಧೇಯ ಬರೆದಿದ್ದ, ಒಳಗೆ ಬಿಟ್ಟೆ. ಆದರೆ ಕೆಲವರು ಇಂದ್ರ ಚಂದ್ರ ಎಂದು ಬರೆದು ಕಡೆಗೆ, ಸಮಯವಿದ್ದಾಗ ನನ್ನ ಬ್ಲಾಗಿಗೂ ಒಮ್ಮೆ ಬನ್ನಿ ಎನ್ನುತ್ತಿದ್ದರು. ಹೆಣ ಕೂರಿಸಿದ ಮನೆಗೆ ಬಂದು ನಮ್ಮನೆಗೆ ಊಟಕ್ಕೆ ಬರ್ರಿ ಅಂದ ಹಾಗೆ. ಎಲ್ಲರನ್ನೂ ಹೊರಗೆ ಹಾಕಿದೆ. ಸತ್ತವಳನ್ನು ಕರೆದದ್ದೋ, ನನ್ನನ್ನು ಕರೆದದ್ದೋ, ಅವರಿಗೇ ಗೊತ್ತಿರಲಿಕ್ಕಿಲ್ಲ.

ಸತ್ತವಳ ದಿನದ ಕಾರ್ಯ ಮುಗಿದ ಮೇಲೆ ಅಳಿಯನದು ಬಂತು. ಹೆಸರು ಹಾಕಿಯೇ ಬರೆದಿದ್ದ. ಉದ್ದ ಇತ್ತು. ಓದಿ ಮುಗಿಸಲು ನನಗೆ ಎರಡು ದಿನ ಬೇಕಾದವು. ನನ್ನ ಬಾಳಿನ ದೀಪವೇ, ವಿಧಿಯು ನಮ್ಮನ್ನು ದೂರ ಇಟ್ಟರೂ ಮನಸ್ಸು ಒಂದು ಗಳಿಗೆಯೂ ದೂರವಾಗಲಿಲ್ಲ, ನಿನ್ನ ಆರೈಕೆಗೆಂದೇ ನಿನ್ನನ್ನು ತಾಯಿಯ ಮಡಿಲಿಗೆ ಒಪ್ಪಿಸಿದೆ, ನಿನ್ನ ಕಡೆಯ ಉಸಿರಿನ ತನಕ ನಿನ್ನ ನೆರಳಾಗಿದ್ದೆ, ಹೀಗೆ. ನಾನು ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿದೆ, ತಪ್ಪಿಸಿ ಓದಿದೆನೋ ಎಂದು ತಿರುಗಿ ಓದಿದೆ. ಆಮೇಲೆ ಬಲಗಡೆಯ ಗುಂಡಿ ಒತ್ತಿದೆ.

ನಾಲ್ಕು ದಿನಕ್ಕೆ ಅದೇ ಮತ್ತೆ ಬಂತು. ಹೊರಗೆ ಹಾಕಿದೆ. ಮತ್ತೆ ಬಂತು.

ಇಷ್ಟು ಹಟ ಯಾಕೆ ಎಂದು ಸೊಸೆಯನ್ನು ಕೇಳಿದೆ. ಅವಳು ಸೆರಗು ತಿರುವುತ್ತ ನಿಂತಳು, ಆಮೇಲೆ ಹೇಳಿದಳು. ಅಣ್ಣನ ಹೆಂಡತಿಯೆಂದು ನನ್ನ ಮಗಳನ್ನು ಅವಳು ವೈನಿ ಎನ್ನುತ್ತಿದ್ದಳು.

"ಅಣ್ಣಗ ನಿಡಸೋಸ್ಯಾಗ ಹೆಣ್ಣ ನೋಡ್ಯಾರ್ರಿ ಅತ್ತಿ. ಆ ಹುಡುಗಿ ವೈನಿ ಬರದದ್ದೆಲ್ಲಾ ಓದ್ಯಾಳಂತ. ಮೊದಲನೇ ಹೇಣ್ತಿನ್ನ ಹೆಂಗ ನೋಡ್ಕೊಂಡಾರ ಅಂತ ಅವರ ಮನ್ಯಾಗ ಕೇಳಿದ್ರಂತ. ಅಣ್ಣಾರು, ಆ ಬ್ಲಾಗಿನಾಗ ನಾ ಬರದೇನಿ ನೋಡ್ರಿ, ನಮ್ಮ ಅತ್ತೇರ ಒಪ್ಪಿ ಹಾಕ್ಯಾರ ಅಂತ ಹೇಳಿ ಬಂದಾರ."

ಹಾಗಾದರೆ ಅದು ಸತ್ತವಳಿಗೆ ಬರೆದದ್ದಲ್ಲ, ಬರುವವಳಿಗೆ ಬರೆದದ್ದು. ಅದಕ್ಕೆ ನನ್ನ ಹೆಬ್ಬೆರಳು ಬೇಕಾಗಿತ್ತು.

ಒಂದು ಐತವಾರ, ಕಾಲೇಜಿಗೆ ರಜೆ ಇದ್ದ ದಿನ, ಮಧ್ಯಾಹ್ನ ಅವನೇ ಬಂದ. ಏಳು ವರ್ಷದಲ್ಲಿ ಹೆಂಡತಿಗಾಗಿ ತುಳಿಯದ ಹೊಸ್ತಿಲನ್ನು ಕಮೆಂಟಿಗಾಗಿ ತುಳಿದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು.

"ಆರಾಮ ಅದೀರೇನ್ರಿ ಅತ್ತಿ?"

"ಅದೀನ್ರಿ. ಕೂಡ್ರಿ."

ಅಳಿಯನಿಗೆ ರೀ ಹಚ್ಚುವುದನ್ನು ನಾನು ಬಿಟ್ಟಿರಲಿಲ್ಲ. ಅದು ಅವನಿಗೆ ಕೊಟ್ಟ ಮಾನವಲ್ಲ, ನನ್ನ ಬಾಯಿಯ ರೂಢಿ.

ಅವನು ನೀರು ಕುಡಿದು, ಸೊಸೆ ಕೊಟ್ಟ ಚಹ ಹಿಡಿದು, ಕಂಪ್ಯೂಟರಿನ ಕಡೆ ನೋಡಿದ. "ನಾ ಒಂದ ಬರದ ಕಳಿಸಿದ್ದೆ. ಮೂರ ಸರ್ತಿ ಕಳಿಸೇನಿ. ಮಶೀನಿನ್ಯಾಗ ಏನರ ದೋಷ ಆಗೇತೇನ್ರಿ?"

"ಮಶೀನ ಗಟ್ಟಿ ಐತ್ರಿ. ನಾನ ಹೊರಗ ಹಾಕೇನಿ."

"ಓದಿದ್ರೇನ್ರಿ?"

"ಎಲ್ಡ ದಿನಾ ಹಿಡೀತು. ಓದೇನಿ."

"ಅದರಾಗ ಏನ ತಪ್ಪೈತ್ರಿ?"

"ತಪ್ಪೇನಿಲ್ರಿ. ಭಾಳ ಛಂದ ಬರದೀರಿ. ಯಾರದೋ ಹೇಣ್ತಿ ಸತ್ತಂಗ ಐತಿ."

ಒಳಗೆ ಸೊಸೆಯ ಕೈಯಿಂದ ಪಾತ್ರೆ ಜಾರಿದ ಸದ್ದಾಯಿತು. ಅವನು ನಕ್ಕ ಹಾಗೆ ಮಾಡಿದ.

"ಮನಸಿನ್ಯಾಗಿಂದ ಬರದೇನ್ರಿ ಅತ್ತಿ."

"ಮನಸ ಇದ್ದೀತು. ಬಸ್ಸ ಇರಲಿಲ್ಲೇನ್ರಿ?"

"ತಪಾಸಣಿ ಇತ್ತಂತ ಹೇಳಿದ್ನೆಲ್ರಿ."

"ಏಳ ವರ್ಷ ತಪಾಸಣೀನ ಮಾಡಿದ್ರೇನ್ರಿ ಅವ್ರು?"

ಅವನು ಚಹದ ಬಟ್ಟಲು ಕೆಳಗಿಟ್ಟ. ದನಿ ಇಳಿಸಿದ. "ಆಗೂದ ಆಗಿ ಹೋತ್ರಿ. ನನಗೂ ಮುಂದ ಬಾಳೇ ಮಾಡಬೇಕಲ್ರಿ. ನಾಕ ಸಾಲ ಅಲ್ಲೆ ಬಂದ್ರ ನಿಮಗೇನ ಹೋಗತೈತಿ?"

"ನೀವು ಲಗ್ನ ಮಾಡ್ಕೊಳ್ರಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅಲ್ಲೆ ಬಂತಂದ್ರ ನಾ ಹೂಂ ಅಂದಂಗ. ನಾ ಹೂಂ ಅನ್ನೂದಿಲ್ರಿ. ಚಾ ಆರಾಕತ್ತೇತಿ, ಕುಡೀರಿ."

ಅವನು ಕುಡಿಯಲಿಲ್ಲ. ಏಳುವಾಗ ಅಡುಗೆ ಮನೆಯ ಕಡೆ ತಿರುಗಿ ತಂಗಿಗೆ ಕೇಳುವ ಹಾಗೆ, "ಈ ಪಂಚಮಿಗೆ ನಿನ್ನ ಹೊಸಾ ವೈನಿ ಬಂದಿರ್ತಾಳ. ನೀ ಬರೂದೋ ಬ್ಯಾಡೋ ಅನ್ನೂದ ಆಕಿಗೆ ಬಿಟ್ಟದ್ದ" ಎಂದ. ನಯವಾಗಿಯೇ ಎಂದ.

ಅವತ್ತು ಸಂಜೆ ಸೊಸೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಎರಡು ರೊಟ್ಟಿ ಹರಿದವು. ಅವಳ ಕೈಯಲ್ಲಿ ರೊಟ್ಟಿ ಹರಿಯುವುದನ್ನು ನಾನು ನೋಡಿರಲಿಲ್ಲ.

"ಅತ್ತಿ, ಇದೊಂದ ಬಿಟ್ಟಬಿಡ್ರಿ. ನನಗ ತವರ ಬಾಗಲಾ ಮುಚ್ಚತೈತ್ರಿ. ಅವ್ವನೂ ಇಲ್ಲ ನನಗ, ಅಪ್ಪನೂ ಇಲ್ಲ."

"ನಿನ್ನ ತವರ ಉಳೀಲಿ ಅಂತ ನನ್ನ ಮಗಳ ಬಾಳೇ ಸುಳ್ಳ ಮಾಡ್ಲೇನ?"

ನನ್ನ ಮಗಳು ವಾಂತಿ ಮಾಡಿಕೊಂಡಾಗ ಬಳಿದವಳು ಅವಳು. ಎತ್ತಿ ಕೂರಿಸಿ ಎರೆದವಳು ಅವಳು. ಅಣ್ಣನ ಪಾಲಿನ ಚಾಕರಿಯನ್ನು ತಂಗಿ ಮಾಡಿದಳು. ಅದಕ್ಕೇ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಕೇಳಿದ್ದು ಸರಿ, ನಾನು ಒಲ್ಲೆ ಅಂದದ್ದೂ ಸರಿ. ಇಬ್ಬರೂ ಸರಿಯಿದ್ದಾಗ ಮನೆಯಲ್ಲಿ ಊಟ ಸೇರುವುದಿಲ್ಲ, ಅಷ್ಟೇ.

ಉಣ್ಣಲು ಕೂತಾಗ ಮಗ ಮಾತು ತೆಗೆದ.

"ಅವ್ವಾ, ಸತ್ತಾಕಿ ಸತ್ತಳು. ಇದ್ದವ್ರ ಬಾಳೇ ನೋಡಬೇಕೋ ಬ್ಯಾಡೋ?"

"ನೋಡಪಾ. ಯಾರ ಬ್ಯಾಡ ಅಂದಾರು?"

"ಒಂದ ಗುಂಡಿ ಒತ್ತಾಕ ಇಷ್ಟ ಹಟಾ ಯಾಕ?"

"ಅಷ್ಟ ಹಗರಾಗಿದ್ರ ಆಂವ ಹಣ್ಣ ಹಿಡ್ಕೊಂಡ ಬರತಿದ್ನೇನ?"

ಅವನು ಕೈ ತೊಳೆದು ಎದ್ದು ಹೋದ. ನಾನು ತಾಟು ಎತ್ತಿ, ಬಾಜೂ ಮನೆಯ ಮುದುಕಿಯ ಎಮ್ಮೆ ಈದಿತ್ತೆಂದು ಗಿಣ್ಣದ ಹಾಲು ತರಲು ಹೋದೆ. ತಿರುಗಿ ಬರುವಾಗ ಅವನು ಕಂಪ್ಯೂಟರಿನ ಮುಂದಿನಿಂದ ಏಳುತ್ತಿದ್ದ. ನಾನು ಏನೂ ಅಂದುಕೊಳ್ಳಲಿಲ್ಲ.

ಮರುದಿನ ಅವನು ಮೂಡಲಗಿಯ ಬಸ್ಸು ಹಿಡಿದ ಮೇಲೆ ನಾನು ಎಂದಿನ ಹಾಗೆ ಕೂತೆ. ಬಾಗಿಲ ಹೊರಗೆ ಬಹಳ ಜನ ನಿಂತಿದ್ದರು. ಮೊದಲನೆಯದನ್ನು ಓದಿದೆ. ಸರ್, ನಿಮ್ಮಂಥ ಗಂಡ ಎಲ್ಲ ಹೆಣ್ಣುಮಕ್ಕಳಿಗೂ ಸಿಗಲಿ. ಎರಡನೆಯದು, ಓದಿ ಕಣ್ಣು ತುಂಬಿ ಬಂತು ಸರ್. ಮೂರನೆಯದು ನನಗೆ ಬರೆದದ್ದು. ಅವ್ವಾ, ಇಂಥ ಅಳಿಯನನ್ನು ಪಡೆದ ನೀವೇ ಪುಣ್ಯವಂತೆ.

ಒಳಗೆ ನೋಡಿದೆ. ಮಗಳ ಕಡೆಯ ಬರಹದ ಕೆಳಗೆ ಅಳಿಯ ಕಾಲು ಚಾಚಿ ಕೂತಿದ್ದ.

ಹೊರಗೆ ನಿಂತವರನ್ನೆಲ್ಲ ಅಟ್ಟಿದೆ. ಒಬ್ಬರನ್ನೂ ಬಿಡಲಿಲ್ಲ. ಆದರೆ ಒಳಗೆ ಕೂತವನನ್ನು ಎಬ್ಬಿಸುವುದು ಹೇಗೆಂದು ಮಗಳು ನನಗೆ ಕಲಿಸಿರಲಿಲ್ಲ. ನಾನು ಬಿಟ್ಟಿದ್ದನ್ನು ತೆಗೆಯುವ ಪ್ರಸಂಗ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಸಂಜೆ ಮಗ ಬಂದಾಗ ಕೇಳಿದೆ. "ನೀ ಒತ್ತಿದೇನ?"

"ಹೂಂ. ಮತ್ತ ಬಂದಿತ್ತು, ನಾನ ಒತ್ತೇನಿ."

"ತಗಿ."

"ಹಾಕಿದ್ದ ತಗದ್ರ ಇನ್ನೂ ಹೊಲಸ ಕಾಣತೈತಿ ಅವ್ವಾ. ಊರ ಮಂದೆಲ್ಲಾ ಓದೇತಿ. ನಿಡಸೋಸಿಯವ್ರೂ ಓದಿ ಇವತ್ತ ಹೂಂ ಅಂದಾರಂತ." ಅಷ್ಟು ಹೇಳಿ ಅವನು ಕಾಲು ತೊಳೆಯಲು ಹೋದ. ಸೊಸೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ಆ ಹುಡುಗಿಯ ಮನೆ ಯಾವ ಓಣಿ ಎಂದು ಕೇಳಿದೆ. ಯಾಕೆಂದು ಕೇಳದೆ ಹೇಳಿದಳು.

ಮರುದಿನ ಬೆಳಿಗ್ಗೆ ಎದ್ದು ಮೈ ತೊಳೆದು, ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಹುಕ್ಕೇರಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದೆ. ನಿಡಸೋಸಿಯಲ್ಲಿ ಇಳಿದು ಕೇಳಿಕೊಂಡು ಹೋದೆ. ಹುಡುಗಿಯ ತಾಯಿ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನನ್ನಷ್ಟು ವಯಸ್ಸಾದವಳಲ್ಲ. ನಾನು ಯಾರೆಂದು ಹೇಳಿದ ಕೂಡಲೇ ಮೊರ ಬದಿಗಿಟ್ಟು ಎದ್ದಳು.

"ಬ್ಲಾಗಿನ ಅವ್ವಾರೇನ್ರಿ? ಬರ್ರಿ, ಒಳಗ ಬರ್ರಿ. ನಮ್ಮ ಹುಡುಗಿ ನಿಮ್ಮ ಮಾತ ದಿನಾ ತಗೀತಾಳ್ರಿ" ಎಂದು ಮಗಳನ್ನು ಕೂಗಿದಳು.

ಹುಡುಗಿ ಬಂದಳು. ಸಾಲೆಗೆ ಹೋಗಲು ತಯಾರಾಗಿದ್ದಳು, ಟೀಚರು. ಎಣ್ಣೆ ಹಚ್ಚಿ ಹೆಣೆದ ತಲೆ, ಗಟ್ಟಿಮುಟ್ಟಾದ ಮೈ. ನನ್ನ ಕಾಲು ಮುಟ್ಟಿದಳು.

ನಾನು ಕೂರದೆ ಹೇಳಿದೆ. "ಅಲ್ಲೆ ಬಂದೈತಲ್ಲ, ಅದನ್ನ ನಾ ಬಿಟ್ಟಿಲ್ಲವಾ. ಮೂರ ಸಲಾ ಹೊರಗ ಹಾಕಿದ್ದೆ. ಏಳ ವರ್ಷ ಆಂವ ನನ್ನ ಮಗಳನ್ನ ಕರಿಯಾಕ ಬರಲಿಲ್ಲ. ಮಣ್ಣಿಗೂ ಬರಲಿಲ್ಲ."

ಹುಡುಗಿ ತಾಯಿಯ ಕಡೆ ನೋಡಿದಳು. "ಹಂಗಾದ್ರ ಅದು ಅಲ್ಲೆ ಹೆಂಗ ಬಂತ್ರಿ?"

"ನನ್ನ ಮಗ ಒತ್ತಿದ."

ತಾಯಿ ಮೊರ ಮತ್ತೆ ಎತ್ತಿಕೊಂಡಳು. "ಮಗ ಅಂದ್ರೂ ನಿಮ್ಮ ಮನೀನ ಅಲ್ಲೇನ್ರಿ ಅಕ್ಕಾರ? ನಿಮ್ಮ ಮನ್ಯಾಗಿಂದ ಹೂಂ ಅಂದ ಮ್ಯಾಲ ನಾವ ಹೂಂ ಅಂದೇವಿ. ನಿನ್ನೆ ಎಲೆ ಅಡಿಕಿ ಹಂಚಿ ಆತ್ರಿ. ಈಗ ಬಂದ ಹಿಂಗಂದ್ರ ಹೆಂಗ್ರಿ?"

ಎಲೆ ಅಡಿಕೆ ಹಂಚಿ ಗಟ್ಟಿ ಮಾಡಿದ್ದನ್ನು ಮುರಿಯುವ ಪದ್ಧತಿ ನಮ್ಮಲ್ಲಿಲ್ಲ.

ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳಿಗೆ ಇನ್ನೂ ಏನೋ ಕೇಳುವುದಿತ್ತು, ತಾಯಿಯ ಎದುರಿಗೆ ಕೇಳಲಾಗಲಿಲ್ಲ. ನಾನು ಅವಳ ಹತ್ತಿರ ಹೋದೆ.

"ನೀ ಏನರ ಮಾಡವಾ, ಆ ಮನ್ಯಾಗ ಜಡ್ಡ ಮಾತ್ರ ಬೀಳಬ್ಯಾಡ" ಎಂದೆ. ಬಿಸಿಲು ಏರುವ ಮೊದಲು ಬಸ್ಸಿನ ದಾರಿ ಹಿಡಿದೆ.